ಟೆನ್ಷನ್ ತಿರುಪನ್ನು ಕೊನೆಗೆ ಮುಟ್ಟಿ

ಮಾನ್ಯ ಸಂಪಾದಕರೇ,

ಹಳೆಯ ಹೊಲಿಗೆ ಯಂತ್ರಗಳ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ನೀವು ಪ್ರಕಟಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸಂತೋಷದಿಂದ, ಎರಡನೆಯ ಸಲ ಸಿಟ್ಟಿನಿಂದ. ಮೂಲೆಯಲ್ಲಿ ಧೂಳು ಹಿಡಿದು ಕೂತಿರುವ ಯಂತ್ರಗಳನ್ನು ಹೊರಗೆಳೆದು ಮತ್ತೆ ಓಡಿಸಿ ಎಂದು ನಿಮ್ಮ ಲೇಖಕರು ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಕೊನೆಯ ಪ್ಯಾರಾದಲ್ಲಿ ಒಂದು ಸಾಲು ಬರುತ್ತದೆ: ಹೊಲಿಗೆ ಸರಿಯಾಗಿ ಬೀಳದಿದ್ದರೆ ಮುಂದಿರುವ ನಿಗೂಢ ಗುಂಡಿಯನ್ನು ಅತ್ತಿತ್ತ ತಿರುಗಿಸಿ ನೋಡಿ, ಸರಿಹೋಗುತ್ತದೆ. ಸರಿಹೋಗುವುದಿಲ್ಲ. ಆ ಗುಂಡಿಯೇ ಮೇಲಿನ ದಾರದ ಬಿಗಿತ ಹೊಂದಿಸುವ ಟೆನ್ಷನ್ ತಿರುಪು. ಒಂದೂವರೆ ವರ್ಷದ ಹಿಂದೆ ಇದೇ ಸಲಹೆಯನ್ನು ನನಗೆ ನಾನೇ ಕೊಟ್ಟುಕೊಂಡು ಮೂರು ದಿನ ಕಳೆದುಕೊಂಡವಳು ನಾನು.

ನಾನು 31 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಹೊಲಿಗೆ ನನ್ನ ಕಸುಬಲ್ಲ. ಕಳಚಿದ ಗುಂಡಿ ಹಚ್ಚುವುದು, ಸೆರಗಿನ ಅಂಚು ಮಡಿಸುವುದು ಇಷ್ಟೇ ಬರುತ್ತಿತ್ತು, ಅದೂ ಕೈಯಲ್ಲಿ. ಚಿಕ್ಕಮ್ಮ ತೀರಿಕೊಂಡ ಮೇಲೆ ಅವರ ಯಂತ್ರ ನನ್ನ ಪಾಲಿಗೆ ಬಂತು. ಉಳಿದವರಿಗೆ ಅದರ ಭಾರ ಬೇಡವಾಗಿತ್ತು, ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಕಪ್ಪು ಎರಕದ ಮೈ, ಮೇಲೆ ಬಂಗಾರದ ಬಣ್ಣದ ಬಳ್ಳಿ. ಬಟ್ಟೆ ಎಳೆದೂ ಎಳೆದೂ ಪೀಠದ ಮುಂದಿನ ಅಂಚಿನಲ್ಲಿ ಬಳ್ಳಿ ಅಳಿಸಿಹೋಗಿ ಬರೀ ಕಪ್ಪು ಉಳಿದಿದೆ. ಕೈಪಿಡಿ ಇರಲಿಲ್ಲ. ಎಲ್ಲೂ ಒಂದು ಅಕ್ಷರ ಇಲ್ಲ, ಅಂಕಿ ಇಲ್ಲ, ಬಾಣದ ಗುರುತಿಲ್ಲ. ಪೀಠದ ಬಲಗಡೆ ಮಾತ್ರ ಎರಡು ಇಂಗ್ಲಿಷ್ ಅಕ್ಷರ, ಮುಂದೆ ಆರು ಅಂಕಿ ಒತ್ತಿದ್ದರು. ಆ ಅಕ್ಷರಗಳ ಬೆನ್ನು ಹತ್ತಿದಾಗ ಗೊತ್ತಾಯಿತು, ಇದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಸಿಂಗರ್ ಕಾರ್ಖಾನೆಯಲ್ಲಿ 1930ರ ದಶಕದಲ್ಲಿ ತಯಾರಾದದ್ದು ಎಂದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿದೆ. ಯಂತ್ರ ಮಾತ್ರ ನನ್ನ ಕಿಟಕಿಯ ಪಕ್ಕ ಕೂತಿದೆ.

ಕೂತಿದೆ ಎಂದೆ, ಓಡುತ್ತಿತ್ತು ಎನ್ನಲಿಲ್ಲ. ಮೊದಲ ದಿನ ಬಲಗಡೆಯ ಚಕ್ರ ಜಗ್ಗಲೇ ಇಲ್ಲ. ಯಾರೋ ಯಾವಾಗಲೋ ಕೈಗೆ ಸಿಕ್ಕ ಎಣ್ಣೆ ಹಾಕಿದ್ದರು, ಅದು ಒಣಗಿ ಕಂದು ಬಣ್ಣದ ಅಂಟಾಗಿತ್ತು. ಎಣ್ಣೆಯ ತೂತುಗಳಿಗೆಲ್ಲ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಟ್ಟೆ. ಮರುದಿನ ಚಕ್ರವನ್ನು ಒತ್ತಾಯ ಮಾಡದೆ ಹಿಂದೆ ಮುಂದೆ ಕೂದಲೆಳೆಯಷ್ಟು ಆಡಿಸಿದೆ. ಸಂಜೆಯ ಹೊತ್ತಿಗೆ ಒಂದು ಸುತ್ತು ಬಂತು. ಕೊಳೆ ಒರೆಸಿ, ಹೊಲಿಗೆ ಯಂತ್ರಕ್ಕೆಂದೇ ಸಿಗುವ ನೀರಿನಂಥ ತಿಳಿ ಎಣ್ಣೆಯನ್ನು ತೂತಿಗೊಂದು ತೊಟ್ಟು ಹಾಕಿದ ಮೇಲೆ ಚಕ್ರ ಬೆರಳ ತುದಿಯಲ್ಲಿ ತಿರುಗತೊಡಗಿತು. ಇದರಲ್ಲಿ ಜಾಣತನ ಏನೂ ಇಲ್ಲ, ತಾಳ್ಮೆ ಇದ್ದರೆ ಸಾಕು. ನನ್ನ ತಕರಾರು ಇಲ್ಲಿಂದ ಮುಂದಿನದು.

ದಾರ ಪೋಣಿಸಿದೆ. ಹತ್ತಿಯ ಚಿಂದಿಯೊಂದನ್ನು ಎರಡು ಪದರ ಮಡಚಿ ಹೊಲಿದೆ. ಮೇಲಿನಿಂದ ನೋಡಿದರೆ ನೇರ ಗೆರೆ. ತಿರುಗಿಸಿ ನೋಡಿದರೆ ಕೆಳಗೆ ಕುರಿಯ ಉಣ್ಣೆಯ ಹಾಗೆ ಕುಣಿಕೆಗಳ ರಾಶಿ. ತಪ್ಪು ಕೆಳಗಡೆ ಕಾಣುತ್ತಿದೆ, ಆದ್ದರಿಂದ ಕೆಳಗಿನ ದಾರ ಸುತ್ತಿಟ್ಟ ಪುಟ್ಟ ರೀಲಾದ ಬಾಬಿನ್‌ನದೇ ಕರಾಮತ್ತು ಎಂದುಕೊಂಡೆ. ಗಣಿತದ ಮೇಷ್ಟರಿಗೆ ಇಂಥ ಅಡ್ಡದಾರಿ ತರ್ಕ ಶೋಭಿಸುವುದಿಲ್ಲ, ಆದರೂ ಹಾಗೆಯೇ ಅಂದುಕೊಂಡೆ. ಬಾಬಿನ್ ಕೂರುವ ಲೋಹದ ಗೂಡಿನ, ಅಂದರೆ ಬಾಬಿನ್ ಕೇಸಿನ ಬೆನ್ನ ಮೇಲೆ ಒಂದು ಚಪ್ಪಟೆ ಸ್ಪ್ರಿಂಗ್ ಇದೆ, ಅದಕ್ಕೆ ಎರಡು ಪುಟ್ಟ ತಿರುಪುಗಳು. ಒಂದು ಸ್ಪ್ರಿಂಗನ್ನು ಹಿಡಿದಿಡುವುದಕ್ಕೆ, ಇನ್ನೊಂದು ದಾರದ ಬಿಗಿತಕ್ಕೆ. ಬಿಗಿತದ್ದನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ತಿರುಗಿಸುತ್ತಾ ಹೋದೆ. ಸಾಸಿವೆ ಕಾಳಿಗಿಂತ ತುಸು ದೊಡ್ಡದಿರುವ ಆ ತಿರುಪು ಪೂರ್ತಿ ಬಿಚ್ಚಿಕೊಂಡು ನೆಲಕ್ಕೆ ಬಿತ್ತು. ಮೊಣಕಾಲೂರಿ, ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಕಪಾಟಿನ ಕೆಳಗೆಲ್ಲ ಎಳೆದಾಡಿ ಹುಡುಕುವುದರಲ್ಲೇ ಒಂದು ಮಧ್ಯಾಹ್ನ ಮುಗಿಯಿತು.

ಎರಡನೆಯ ದಿನ ನಿಮ್ಮ ಲೇಖನದ ನಿಗೂಢ ಗುಂಡಿಗೆ ಕೈ ಹಚ್ಚಿದೆ. ನನ್ನ ಯಂತ್ರದಲ್ಲಿ ಅದು ಎಡತುದಿಯ ಮುಖಫಲಕದ ಮೇಲಿದೆ. ಇನ್ನು ಕೆಲವು ಯಂತ್ರಗಳಲ್ಲಿ ಹೊಲಿಯುವವರ ಎದುರಿಗೇ ಇರುತ್ತದೆ. ಹೊಲಿಯುವವರೆಲ್ಲ ಟೆನ್ಷನ್ ಎಂದೇ ಕರೆಯುವ ಅದಕ್ಕೆ ಮುಂದೆ ಬಂದ ಯಂತ್ರಗಳಲ್ಲಿ 0ಯಿಂದ 9ರವರೆಗೆ ಅಂಕಿಗಳಿವೆ. ನನ್ನದರಲ್ಲಿ ಬರೀ ನುಣುಪಾದ ತಿರುಪು. ಕುಣಿಕೆ ಬಂತೆಂದು ಬಿಗಿ ಮಾಡಿದೆ. ಮತ್ತೆ ಕುಣಿಕೆ. ಇನ್ನೂ ಬಿಗಿ ಮಾಡಿದೆ. ತಿರುಪು ಇನ್ನು ತಿರುಗುವುದಿಲ್ಲ ಎನ್ನುವವರೆಗೆ ಬಿಗಿ ಮಾಡಿದರೂ ಕುಣಿಕೆಗಳು ಒಂದಿಷ್ಟೂ ಕಡಿಮೆಯಾಗಲಿಲ್ಲ. ಉತ್ತರ ತಪ್ಪಾಗಿದ್ದಾಗ ಲೆಕ್ಕದ ಮೆಟ್ಟಿಲುಗಳನ್ನು ನೋಡದೆ ಉತ್ತರವನ್ನೇ ಅಳಿಸಿ ಅಳಿಸಿ ಬರೆಯುವ ಹುಡುಗರನ್ನು ಎಷ್ಟು ಬೈದಿದ್ದೇನೋ. ಅದನ್ನೇ ನಾನೂ ಮಾಡುತ್ತಿದ್ದೆ.

ಮೂರನೆಯ ದಿನ ದಾರವನ್ನೆಲ್ಲ ಕಿತ್ತುಹಾಕಿ ತಿರುಪಿನ ಹಿಂದೆ ಏನಿದೆ ಎಂದು ಟಾರ್ಚ್ ಬಿಟ್ಟು ನೋಡಿದೆ. ಎರಡು ಲೋಹದ ಬಿಲ್ಲೆಗಳು ಬೆನ್ನಿಗೆ ಬೆನ್ನು ತಾಗಿ ನಿಂತಿವೆ. ಅವುಗಳ ಮೇಲೊಂದು ಸುರುಳಿ ಸ್ಪ್ರಿಂಗ್, ಅದನ್ನು ಅದುಮುವುದು ಈ ತಿರುಪು. ದಾರ ಬಿಲ್ಲೆಗಳ ನಡುವೆ ಹಾದುಹೋಗಬೇಕು. ಅವು ಅದನ್ನು ಚಿವುಟಿ ಹಿಡಿದರೆ ಮೇಲಿನ ದಾರಕ್ಕೆ ಬಿಗಿತ ಬರುತ್ತದೆ. ಹೀಗೆ ನೋಡುತ್ತಾ, ಹಿಂದುಗಡೆ ಬಟ್ಟೆ ಒತ್ತಿ ಹಿಡಿಯುವ ಪಾದವನ್ನು ಎತ್ತುವ ಸನ್ನೆಯನ್ನು ಸುಮ್ಮನೆ ಮೇಲಕ್ಕೆತ್ತಿದೆ. ಬಿಲ್ಲೆಗಳು ಕಣ್ಣೆದುರಿಗೇ ಬಾಯಿ ಬಿಟ್ಟವು. ಅಗಲವಾಗೇನಲ್ಲ, ಒಂದು ಕಾಗದ ತೂರುವಷ್ಟು. ಸನ್ನೆ ಇಳಿಸಿದೆ, ಮುಚ್ಚಿಕೊಂಡವು. ಹತ್ತು ಸಲ ಎತ್ತಿ ಇಳಿಸಿರಬಹುದು, ಪ್ರತಿ ಸಲವೂ ಅಷ್ಟೇ ಖುಷಿ.

ಅಂದರೆ ನಾನು ಎರಡು ದಿನವೂ ಪಾದ ಇಳಿಸಿಟ್ಟುಕೊಂಡೇ ದಾರ ಪೋಣಿಸಿದ್ದೆ. ಬಾಯಿ ಮುಚ್ಚಿದ ಬಿಲ್ಲೆಗಳ ಒಳಗೆ ದಾರ ಇಳಿದೇ ಇರಲಿಲ್ಲ, ಅಂಚಿನ ಮೇಲೆ ಕೂತು ಜಾರುತ್ತಿತ್ತು. ಮೇಲಿನ ದಾರಕ್ಕೆ ಹಿಡಿತವೇ ಇಲ್ಲದಿದ್ದಾಗ ಅದು ಬೇಕಾದಷ್ಟು ಕೆಳಗಿಳಿದು ಕುಣಿಕೆ ಕಟ್ಟುತ್ತದೆ. ಮೇಲಿನ ತಪ್ಪು ಕೆಳಗೆ ಕಾಣಿಸುವುದು ಹೀಗೆ. ಹಿಡಿಯದ ದಾರವನ್ನು ಎಷ್ಟು ಬಿಗಿ ಮಾಡಿದರೇನು? ಇದನ್ನು ಪರೀಕ್ಷಿಸಲು ಹೊಲಿಯುವುದೂ ಬೇಕಿಲ್ಲ. ಪಾದ ಎತ್ತಿ ಸೂಜಿಯ ಕಣ್ಣಿನಿಂದ ಹೊರಬಂದ ದಾರವನ್ನು ಎಳೆಯಿರಿ, ಸಲೀಸಾಗಿ ಬರಬೇಕು. ಪಾದ ಇಳಿಸಿ ಎಳೆಯಿರಿ, ದಾರ ಪ್ರತಿಭಟಿಸಬೇಕು, ಸೂಜಿ ಒಂದಿಷ್ಟು ಬಾಗಬೇಕು. ಎರಡರಲ್ಲೂ ಒಂದೇ ರೀತಿ ಬಂದರೆ ದಾರ ಬಿಲ್ಲೆಯ ನಡುವೆ ಇಲ್ಲ, ಅಥವಾ ಬಿಲ್ಲೆಗಳ ಮಧ್ಯೆ ಹಳೆಯ ನೂಲಿನ ಕಸ ಸಿಕ್ಕಿದೆ. ತೀರಾ ಹಳೆಯ ಕೆಲವು ಯಂತ್ರಗಳಲ್ಲಿ ಪಾದಕ್ಕೂ ಬಿಲ್ಲೆಗೂ ಈ ನಂಟು ಇಲ್ಲ, ಬಿಲ್ಲೆ ಬಿಡಿಸಲು ಬೇರೆಯೇ ಒಂದು ಸಣ್ಣ ಸನ್ನೆ ಇರುತ್ತದೆ. ಟೆನ್ಷನ್ ತಿರುಪನ್ನು ತಿರುಗಿಸುವುದಾದರೂ ಪಾದ ಇಳಿಸಿಕೊಂಡೇ ತಿರುಗಿಸಬೇಕು, ಬಿಲ್ಲೆಗಳು ಬಿಡಿಸಿಕೊಂಡಿರುವಾಗ ತಿರುಗಿಸಿದ್ದು ಕೈಗೆ ತಿಳಿಯುವುದಿಲ್ಲ.

ಸಂಪಾದಕರೇ, ಆ ದಿನ ನಾನು ತಿರುಪನ್ನು ಮೊದಲಿದ್ದ ಜಾಗಕ್ಕೆ ಅಂದಾಜಿನಲ್ಲಿ ಮರಳಿಸಿದೆ, ಪಾದ ಎತ್ತಿ ದಾರ ಪೋಣಿಸಿದೆ, ಹೊಲಿದೆ. ಕುಣಿಕೆಗಳು ಮಾಯ. ಆಮೇಲೆ ಅರ್ಧ ಸುತ್ತಿನಷ್ಟು ಹೊಂದಿಸಿಕೊಂಡೆ, ಎರಡು ದಾರಗಳ ಗಂಟು ಬಟ್ಟೆಯ ಎರಡು ಪದರಗಳ ನಡುವೆ ಅಡಗಿ ಕೂತಿತು. ಟೆನ್ಷನ್ ತಿರುಪಿನ ಕೆಲಸ ಇಷ್ಟೇ. ಬಟ್ಟೆ ಬದಲಾದಾಗ, ದಾರ ಬದಲಾದಾಗ ಸ್ವಲ್ಪ ಹೊಂದಿಸುವುದಕ್ಕೆ ಇರುವುದು ಅದು. ತಪ್ಪಾಗಿ ಪೋಣಿಸಿದ ದಾರವನ್ನು, ತಿರುವುಮುರುವಾಗಿ ಕೂರಿಸಿದ ಸೂಜಿಯನ್ನು ತಿದ್ದುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ನಿಮ್ಮ ಸಾಲು ಹೀಗಾಗಬೇಕು: ಮೊದಲು ದಾರ, ಆಮೇಲೆ ಸೂಜಿ, ಆಮೇಲೆ ಬಾಬಿನ್, ಇವೆಲ್ಲ ಸರಿ ಇದ್ದೂ ಹೊಲಿಗೆ ಕೆಟ್ಟರೆ ಮಾತ್ರ ಟೆನ್ಷನ್.

ಸೂಜಿಯ ಮಾತು ಬಂತು. ಎರಡನೆಯ ಪೆಟ್ಟು ನನಗೆ ಬಿದ್ದದ್ದು ಅಲ್ಲಿಯೇ. ಹೊಸ ಸೂಜಿ ಹಾಕಿದ ಕೂಡಲೇ ಯಂತ್ರ ನಾಲ್ಕು ಹೊಲಿಗೆ ಹಾಕಿ ಎರಡು ಬಿಡತೊಡಗಿತು. ಮನೆಬಳಕೆಯ ಸೂಜಿಯ ದಪ್ಪ ಭಾಗದ ಒಂದು ಬದಿ ಚಪ್ಪಟೆಯಾಗಿರುತ್ತದೆ. ಇನ್ನೊಂದು ಬದಿಯಲ್ಲಿ ಮೇಲಿನಿಂದ ಕಣ್ಣಿನವರೆಗೆ ಉದ್ದದ ಗೀರು, ಉಗುರಿಗೆ ಸಿಗುತ್ತದೆ. ಸೂಜಿ ಬಟ್ಟೆಯೊಳಗೆ ಇಳಿಯುವಾಗ ದಾರ ಆ ಗೀರಿನಲ್ಲಿ ಅಡಗಿ ಕೂರುತ್ತದೆ. ಸೂಜಿ ತಳ ಮುಟ್ಟಿ ಒಂದು ಚೂರು ಮೇಲೆದ್ದಾಗ ಚಪ್ಪಟೆ ಬದಿಯ ದಾರಕ್ಕೆ ಅಡಗಲು ಜಾಗವಿಲ್ಲದೆ ಅದು ಉಬ್ಬಿ ಕುಣಿಕೆಯಾಗುತ್ತದೆ. ಆ ಕುಣಿಕೆಯನ್ನು, ಬಾಬಿನ್ ಕೇಸಿನ ಸುತ್ತ ಆಡುವ ಶಟಲ್ ಎಂಬ ಭಾಗದ ಮೊನೆ ಬಂದು ಕೊಕ್ಕೆ ಹಾಕಿ ಹಿಡಿಯಬೇಕು. ಹಾಗಾದರೆ ಚಪ್ಪಟೆ ಬದಿ ಶಟಲಿನ ಮೊನೆ ಹಾಯುವ ಕಡೆಗೇ ಇರಬೇಕಲ್ಲವೇ? ಎಡವೋ ಬಲವೋ ಎಂಬುದು ಒಂದೊಂದು ಮಾದರಿಗೂ ಬೇರೆ, ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಸೂಜಿಗೆ ತೀರಾ ಹತ್ತಿರದ ದಾರದ ಕೊಂಡಿ ಯಾವ ಬದಿಯಲ್ಲಿದೆ ನೋಡಿ. ಸಾಮಾನ್ಯವಾಗಿ ಆ ಬದಿಯಿಂದಲೇ ದಾರ ಕಣ್ಣಿಗೆ ಹೋಗಬೇಕು, ಉದ್ದದ ಗೀರು ಆ ಕಡೆಗೆ, ಚಪ್ಪಟೆ ಅದರ ಎದುರಿಗೆ. ನಾನು ತಪ್ಪು ಬದಿಯಿಂದ ಪೋಣಿಸಿದ್ದೆ, ಸೂಜಿಯನ್ನೂ ತಿರುಗಿಸಿ ಹಾಕಿದ್ದೆ. ಎರಡು ತಪ್ಪು ಸೇರಿ ಒಂದು ಸರಿಯಾಗುವುದು ಋಣ ಸಂಖ್ಯೆಗಳ ಗುಣಾಕಾರದಲ್ಲಿ ಮಾತ್ರ.

ಸೂಜಿಯ ಮೇಲಿನ ಅಂಕಿಗಳನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅಂಕಿ ಕಂಡರೆ ನನಗೆ ಸುಮ್ಮನಿರಲಾಗದು. 90/14 ಎಂದು ಬರೆದಿದ್ದರೆ 90 ಎಂಬುದು ಸೂಜಿಯ ದಪ್ಪ, ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ, ಅಂದರೆ 0.9 ಮಿ.ಮೀ. 14 ಎಂಬುದು ಅದೇ ದಪ್ಪಕ್ಕೆ ಇರುವ ಹಳೆಯ ಸಂಖ್ಯೆ. 100/16 ಅದಕ್ಕಿಂತ ದಪ್ಪ, 75/11 ತೆಳು. ಇವುಗಳಲ್ಲಿ ಅಂಕಿ ಹೆಚ್ಚಾದಂತೆ ಸೂಜಿಯೂ ದಪ್ಪ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಂದು ಅಂಕಿ ಬರುತ್ತದೆ, ಅದು ಉಲ್ಟಾ.

ಈಗ ಬಲಗಡೆಯ ಚಕ್ರ. ನನ್ನ ಮೊಮ್ಮಗಳು ರಜೆಗೆ ಬಂದಾಗ ಚಕ್ರದ ನಡುವಿನ ದೊಡ್ಡ ತಿರುಪನ್ನು ಕಂಡು, “ಅಜ್ಜಿ, ಇದು ಅಲಂಕಾರಕ್ಕೆ ಇಟ್ಟದ್ದೇ?” ಎಂದು ಕೇಳಿದಳು. ಅಲಂಕಾರವಲ್ಲ. ಬಾಬಿನ್‌ಗೆ ದಾರ ಸುತ್ತುವಾಗ ಸೂಜಿ ಸುಮ್ಮನೆ ಮೇಲೆ ಕೆಳಗೆ ಕುಣಿಯಬಾರದಲ್ಲ, ಅದಕ್ಕಾಗಿ ಚಕ್ರವನ್ನು ಯಂತ್ರದಿಂದ ಬಿಡಿಸುವ ತಿರುಪು ಅದು. ಸಡಿಲಿಸಿದರೆ ಚಕ್ರ ಒಂದೇ ತಿರುಗುತ್ತದೆ, ಬಿಗಿ ಮಾಡಿದರೆ ಸೂಜಿಯೂ ಜೊತೆಗೆ ಕದಲುತ್ತದೆ. ಬಾಬಿನ್ ಸುತ್ತುವ ಸಾಧನದ ಪುಟ್ಟ ರಬ್ಬರ್ ಗಾಲಿ ಚಕ್ರಕ್ಕೆ ತಾಗಿ ತಿರುಗುತ್ತದೆ. ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಗಾಲಿ ಜಾರುತ್ತದೆ, ಅದನ್ನು ಬದಲಾಯಿಸಬೇಕು, ಅಷ್ಟೇ.

ಇಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಒಳಗೂ ಕೊಳೆ ಇರಬಹುದೆಂದು ಇಬ್ಬರೂ ಸೇರಿ ಆ ತಿರುಪನ್ನು ಪೂರ್ತಿ ಬಿಚ್ಚಿದೆವು. ಅದರ ಮುಖದಲ್ಲಿ ಒಂದು ಚಿಕ್ಕ ತಡೆ ತಿರುಪು ಇದೆ, ಅದನ್ನು ಮೊದಲು ಸಡಿಲಿಸದಿದ್ದರೆ ದೊಡ್ಡದು ಹೊರಬರುವುದಿಲ್ಲ. ಒಳಗೊಂದು ವಾಷರ್ ಸಿಕ್ಕಿತು. ಹೊರ ಅಂಚಿನಲ್ಲಿ ಮೂರು ಕಿವಿ, ಒಳ ಅಂಚಿನಲ್ಲಿ ತುಸು ಬಾಗಿದ ಎರಡು ಕಿವಿ. ಒರೆಸಿ ಹಾಗೇ ಹಾಕಿದೆವು ಎಂದುಕೊಂಡೆವು. ತಿರುಪನ್ನು ಎಷ್ಟು ಬಿಗಿ ಮಾಡಿದರೂ ಚಕ್ರ ಗಿರಗಿರ ತಿರುಗುತ್ತದೆ, ಸೂಜಿ ನಿಂತಲ್ಲೇ ನಿಂತಿದೆ. ಯಂತ್ರ ಕೆಟ್ಟಿತೆಂದು ಮೊಮ್ಮಗಳ ಮುಖ ಸಣ್ಣದಾಯಿತು. ಕೆಟ್ಟಿರಲಿಲ್ಲ. ಬಾಗಿದ ಕಿವಿಗಳು ಹೊರಮುಖವಾಗಿ, ನಮ್ಮನ್ನು ನೋಡುವಂತೆ ಇರಬೇಕು. ಅದು ಸರಿ ಇದ್ದೂ ಹಿಡಿಯದಿದ್ದರೆ ವಾಷರನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಬೇಕು, ಏಕೆಂದರೆ ತಡೆ ತಿರುಪು ತಪ್ಪು ಜಾಗದಲ್ಲಿ ಕಿವಿಗೆ ತಾಗಿ ದೊಡ್ಡದನ್ನು ಪೂರ್ತಿ ಬಿಗಿಯಾಗಲು ಬಿಡುವುದಿಲ್ಲ. ಅರ್ಧ ಸುತ್ತು ತಿರುಗಿಸಿ ಹಾಕಿದವಳು ಮೊಮ್ಮಗಳೇ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಬೇಕಿತ್ತು ಎಂಬ ಬುದ್ಧಿ ನಮಗಿಬ್ಬರಿಗೂ ಆಮೇಲೆ ಬಂತು.

ಚಕ್ರ ತಿರುಗಿಸಬೇಕಾದ ದಿಕ್ಕಿನ ಬಗ್ಗೆಯೂ ನಿಮ್ಮ ಲೇಖನ ಮೌನವಾಗಿದೆ. ಸಿಂಗರ್ ಯಂತ್ರಗಳಲ್ಲಿ ಚಕ್ರದ ಮೇಲ್ಭಾಗ ನಮ್ಮ ಕಡೆಗೆ ಬರಬೇಕು. ಬೇರೆ ಕೆಲವು ಹಳೆಯ ತಯಾರಿಕೆಗಳಲ್ಲಿ ಆಚೆ ಹೋಗಬೇಕು. ಅನುಮಾನ ಬಂದರೆ ಸೂಜಿಯ ಕೆಳಗಿನ ಹಲ್ಲುಗಳನ್ನು ನೋಡಿ. ಅವು ತಟ್ಟೆಯ ಮೇಲೆ ತಲೆ ಎತ್ತಿರುವಾಗ ನಮ್ಮಿಂದ ಆಚೆಗೆ ಸರಿದರೆ ದಿಕ್ಕು ಸರಿ. ನಮ್ಮ ಕಡೆಗೆ ಬಂದರೆ ತಿರುಗಿಸುತ್ತಿರುವುದು ಉಲ್ಟಾ. ಕಾಲಿನಿಂದ ತುಳಿಯುವ ಯಂತ್ರದಲ್ಲಿ ಹೊಸಬರು ದಾರ ಹರಿದುಕೊಳ್ಳುವುದು ಬಹುಪಾಲು ಈ ಉಲ್ಟಾ ಸುತ್ತಿನಿಂದಲೇ. ತುಳಿಯುವ ಮುಂಚೆ ಚಕ್ರಕ್ಕೆ ಕೈಯಿಂದ ಸರಿಯಾದ ದಿಕ್ಕಿಗೆ ಒಂದು ತಳ್ಳು ಕೊಡಬೇಕು.

ಆ ಹಲ್ಲುಗಳನ್ನು ನೋಡಿದಷ್ಟೂ ನನಗೆ ಸಾಕಾಗಿಲ್ಲ. ಏಳುತ್ತವೆ, ಬಟ್ಟೆಯನ್ನು ಹಿಡಿದು ಹಿಂದಕ್ಕೆ ಸರಿಸುತ್ತವೆ, ತಟ್ಟೆಯ ಕೆಳಗೆ ಮುಳುಗುತ್ತವೆ, ಬರಿಗೈಯಲ್ಲಿ ಮುಂದಕ್ಕೆ ಬಂದು ಮತ್ತೆ ಏಳುತ್ತವೆ. ಪಕ್ಕದಿಂದ ನೋಡಿದರೆ ಒಂದು ಪುಟ್ಟ ಆಯತ. ಅಮೆರಿಕದ ಆ್ಯಲನ್ ವಿಲ್ಸನ್ ಇದಕ್ಕೆ 1854ರಲ್ಲಿ ಪೇಟೆಂಟ್ ಪಡೆದ. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಸೂಜಿ ಬಾಗಿತ್ತು, ಅಡ್ಡಡ್ಡ ಚಲಿಸುತ್ತಿತ್ತು, ಬಟ್ಟೆಯನ್ನು ನೆಟ್ಟಗೆ ನೇತುಹಾಕಬೇಕಿತ್ತು. 1851ರಲ್ಲಿ ಐಸಾಕ್ ಸಿಂಗರ್ ಪೇಟೆಂಟ್ ಪಡೆದ ಯಂತ್ರದಲ್ಲಿ ನೇರ ಸೂಜಿ ಮೇಲೆ ಕೆಳಗೆ ಚಲಿಸಿತು. ನನ್ನ ಕಿಟಕಿಯ ಪಕ್ಕದ ಯಂತ್ರ ಈ ಮೂವರಿಗೂ ಋಣಿ.

ಆಯತ ಎಂದೆನಲ್ಲ, ಅದರ ಉದ್ದವೇ ಹೊಲಿಗೆಯ ಉದ್ದ. ಅದನ್ನು ಹೆಚ್ಚು ಕಡಿಮೆ ಮಾಡುವ ತಿರುಪು ಕಂಬದ ಮುಂಭಾಗದಲ್ಲಿದೆ. ನನ್ನದರಲ್ಲಿ ಒಂದು ಉದ್ದ ಸೀಳು, ಅದರಲ್ಲಿ ಹೆಬ್ಬೆರಳಿನಿಂದ ಸಡಿಲಿಸುವ ತಿರುಪು. ಕೆಳಗೆ ಸರಿಸಿದರೆ ಹೊಲಿಗೆ ಉದ್ದ, ಮೇಲೆ ಸರಿಸಿದರೆ ಗಿಡ್ಡ. ಹಳೆಯ ಸಹೋದ್ಯೋಗಿಯೊಬ್ಬರ ಯಂತ್ರ ಇದಕ್ಕಿಂತ ಹೊಸದು, ಅದರಲ್ಲಿ ಸನ್ನೆ ಇದೆ, ಪಕ್ಕದಲ್ಲಿ 6ರಿಂದ 30ರವರೆಗೆ ಅಂಕಿಗಳಿವೆ. ಅವರು ದೂರವಾಣಿ ಮಾಡಿ, “ಮೇಡಂ, ಉದ್ದ ಹೊಲಿಗೆ ಬೇಕೆಂದು 30ಕ್ಕೆ ಇಟ್ಟರೆ ಬಟ್ಟೆ ಮುಂದಕ್ಕೇ ಹೋಗುತ್ತಿಲ್ಲ” ಎಂದರು. ಹೇಗೆ ಹೋದೀತು? ಆ ಅಂಕಿ ಒಂದು ಅಂಗುಲದಲ್ಲಿ ಎಷ್ಟು ಹೊಲಿಗೆ ಬೀಳುತ್ತವೆ ಎಂಬುದರ ಲೆಕ್ಕ. ಅಂಗುಲ ಎಂದರೆ 25.4 ಮಿ.ಮೀ. 10ಕ್ಕೆ ಇಟ್ಟರೆ ಒಂದು ಹೊಲಿಗೆ ಸುಮಾರು ಎರಡೂವರೆ ಮಿ.ಮೀ., 20ಕ್ಕೆ ಇಟ್ಟರೆ ಅದರ ಅರ್ಧ, 30ಕ್ಕೆ ಇಟ್ಟರೆ ಒಂದು ಮಿ.ಮೀ.ಗೂ ಕಡಿಮೆ. ಅಂಕಿ ಏರಿದರೆ ಹೊಲಿಗೆ ಇಳಿಯುತ್ತದೆ. ವಿಲೋಮ ಅನುಪಾತ. ತರಗತಿಯಲ್ಲಿ ಕೆಲಸಗಾರರು ಮತ್ತು ದಿನಗಳ ಲೆಕ್ಕ ಹಾಕಿಸುವ ಬದಲು ಈ ಸನ್ನೆಯನ್ನು ತೋರಿಸಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಈಚಿನ ಯಂತ್ರಗಳಲ್ಲಿ ನೇರವಾಗಿ ಮಿಲಿಮೀಟರಿನಲ್ಲೇ ಬರೆಯುವುದರಿಂದ, ಅವುಗಳಿಗೆ ಒಗ್ಗಿದವರು ಹಳೆಯದರ ಮುಂದೆ ಎಡವುವುದು ಸಹಜ.

ನನ್ನ ಯಂತ್ರದಲ್ಲಿ ಆ ಅಂಕಿಗಳೂ ಇಲ್ಲವಲ್ಲ, ಅದಕ್ಕೆ ನಾನೇ ಅಳತೆ ಮಾಡಿಕೊಂಡೆ. ಮೊಂಡಾದ ಹಳೆಯ ಸೂಜಿಯೊಂದನ್ನು ಹಾಕಿ, ದಾರವಿಲ್ಲದೆ, ನೋಟ್‌ಬುಕ್ಕಿನ ಹಾಳೆಯ ಮೇಲೆ ಹೊಲಿದೆ. ತಿರುಪನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಏಳು ಸಾಲು ತೂತು ಮಾಡಿದೆ. ಅಳತೆಪಟ್ಟಿ ಇಟ್ಟು ಪ್ರತಿ ಸಾಲಿನಲ್ಲೂ ಅಂಗುಲಕ್ಕೆ ಎಷ್ಟು ತೂತು ಎಂದು ಎಣಿಸಿ, ಸೀಳಿನ ಪಕ್ಕ ಅಂಟುಪಟ್ಟಿಯ ಮೇಲೆ ಸಣ್ಣ ಗೆರೆಗಳನ್ನು ಎಳೆದು 8, 10, 12 ಎಂದು ಬರೆದೆ. ಬಳ್ಳಿ ಚಿತ್ತಾರದ ಪಕ್ಕ ಅದು ಅಸಹ್ಯವಾಗಿ ಕಾಣುತ್ತದೆ ಎಂದು ಮಗ ಹೇಳಿದ. ಕಾಣಲಿ.

ಹಿಂದಕ್ಕೆ ಹೊಲಿಯುವ ಸನ್ನೆಗಾಗಿ ಯಂತ್ರವನ್ನೆಲ್ಲ ತಡಕಾಡಿದ್ದೂ ಉಂಟು. ಸಹೋದ್ಯೋಗಿಯ ಯಂತ್ರದಲ್ಲಿ ಹೊಲಿಗೆಯ ಉದ್ದದ ಸನ್ನೆಯನ್ನೇ ಪೂರ್ತಿ ಮೇಲಕ್ಕೆತ್ತಿದರೆ ಬಟ್ಟೆ ಹಿಂದಕ್ಕೆ ಬರುತ್ತದೆ. ನನ್ನದರಲ್ಲಿ ಆ ಸೌಲಭ್ಯ ಇಲ್ಲವೇ ಇಲ್ಲ. ಅಂಚಿನ ಕೊನೆಗೆ ಬಂದಾಗ ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸಿ, ಪಾದ ಎತ್ತಿ, ಬಟ್ಟೆಯನ್ನೇ ತಿರುಗಿಸಿ ನಾಲ್ಕು ಹೊಲಿಗೆ ಹಾಕುತ್ತೇನೆ. ಇಲ್ಲದ ಸನ್ನೆಯನ್ನು ಹುಡುಕಿ ಯಾರೂ ಏನನ್ನೂ ಬಿಚ್ಚಬಾರದೆಂದು ಹೇಳುತ್ತಿದ್ದೇನೆ.

ಇನ್ನೊಂದು ತಿರುಪು ಎಡತುದಿಯಲ್ಲಿ, ಯಂತ್ರದ ನೆತ್ತಿಯ ಮೇಲಿದೆ. ಪಾದ ಬಟ್ಟೆಯನ್ನು ಎಷ್ಟು ಒತ್ತಬೇಕು ಎಂಬುದು ಅದರ ಕೈಯಲ್ಲಿದೆ. ತೆಳು ಬಟ್ಟೆ ಸುಕ್ಕು ಹಿಡಿದರೆ ಸಡಿಲಿಸಬೇಕು, ದಪ್ಪ ಬಟ್ಟೆ ಜಾರಿದರೆ ಬಿಗಿ ಮಾಡಬೇಕು. ಸುಕ್ಕಿಗೂ ಟೆನ್ಷನ್ನೇ ಕಾರಣ ಎಂದು ದೂರುವವರು ಇದನ್ನು ಒಂದು ಸಲ ತಿರುಗಿಸಿ ನೋಡಬಹುದು.

ನಿಗೂಢ ಎಂಬ ಪದಕ್ಕೆ ನನ್ನ ಆಕ್ಷೇಪ ಇರುವುದು ಇದರಿಂದಲೇ. ಈ ಯಂತ್ರದ ಒಂದೊಂದು ತಿರುಪಿಗೂ ಒಂದೊಂದೇ ಕೆಲಸ. ಎಲ್ಲವೂ ಕಣ್ಣಿಗೆ ಕಾಣುವ ಜಾಗದಲ್ಲಿದೆ. ದಾರ ತೆಗೆದುಹಾಕಿ, ಎಡಗಡೆಯ ಮುಖಫಲಕವನ್ನು ಬಿಚ್ಚಿ, ಪೀಠದ ಜಾರುಮುಚ್ಚಳ ಸರಿಸಿ, ಚಕ್ರವನ್ನು ಕೈಯಿಂದ ಒಂದೇ ಒಂದು ಸುತ್ತು ತೀರಾ ನಿಧಾನವಾಗಿ ತಿರುಗಿಸಿ. ಒಂದು ಸುತ್ತಿಗೆ ಒಂದು ಹೊಲಿಗೆ. ಸೂಜಿ ಇಳಿಯುತ್ತದೆ, ಏಳುತ್ತದೆ, ಶಟಲ್ ಪೂರ್ತಿ ಸುತ್ತು ಹಾಕದೆ ತೊಟ್ಟಿಲಿನಂತೆ ಅತ್ತ ಹೋಗಿ ಇತ್ತ ಬರುತ್ತದೆ, ದಾರದ ಸನ್ನೆ ಮೇಲೆದ್ದು ಗಂಟನ್ನು ಬಿಗಿದು ಎಳೆಯುತ್ತದೆ. ಬಿಲ್ಲೆಗಳ ಪಕ್ಕದಲ್ಲಿರುವ ತೆಳು ತಂತಿಯ ಸ್ಪ್ರಿಂಗ್ ದಾರ ಪೋಣಿಸಿದಾಗ ಮಾತ್ರ ಕೆಲಸ ತೋರಿಸುತ್ತದೆ. ಸೂಜಿ ಇಳಿಯುವಾಗ ದಾರ ಸಡಿಲವಾಗಿ ಸೂಜಿಯ ಮೊನೆಗೆ ಸಿಕ್ಕದಂತೆ ಅದು ಹಿಡಿದಿರುತ್ತದೆ. ಆ ತಂತಿಗೆ ದಾರ ಸಿಕ್ಕಿಸುವುದನ್ನು ಮರೆಯುವವರೇ ಹೆಚ್ಚು.

ಇನ್ನು ನಿಮ್ಮ ಚಿತ್ರ. ಲೇಖನಕ್ಕೆ ಅರ್ಧ ಪುಟದ ಬಣ್ಣದ ಫೋಟೊ ಹಾಕಿದ್ದೀರಿ, ಚೆನ್ನಾಗಿದೆ. ಆದರೆ ಅದರಲ್ಲಿ ದಾರ ರೀಲಿನಿಂದ ನೇರವಾಗಿ ಸೂಜಿಗೆ ಇಳಿದಿದೆ. ಬಿಲ್ಲೆಗಳ ನಡುವೆ ಹೋಗಿಲ್ಲ, ದಾರದ ಸನ್ನೆಯ ತೂತಿಗೆ ಹೋಗಿಲ್ಲ, ತಂತಿಗೂ ಸಿಕ್ಕಿಲ್ಲ. ಪಾದವೂ ಬಟ್ಟೆಯನ್ನು ಬಿಟ್ಟು ಮೇಲಿದೆ. ಭೂತಗನ್ನಡಿ ಹಿಡಿದು ನೋಡಿದ್ದೇನೆ. ಆ ಯಂತ್ರದಲ್ಲಿ ಒಂದು ಹೊಲಿಗೆಯೂ ಬೀಳುವುದಿಲ್ಲ, ಮುಂದಿನ ಗುಂಡಿಯನ್ನು ಅತ್ತ ತಿರುಗಿಸಿದರೂ ಇತ್ತ ತಿರುಗಿಸಿದರೂ. ನಿಮ್ಮ ಓದುಗರಲ್ಲಿ ಯಾರಾದರೂ ಅದನ್ನೇ ಮಾದರಿಯಾಗಿ ಇಟ್ಟುಕೊಂಡು ದಾರ ಪೋಣಿಸಿದ್ದರೆ, ಈ ಹೊತ್ತಿಗೆ ಬಾಬಿನ್ ಕೇಸಿನ ತಿರುಪನ್ನು ಹುಡುಕುತ್ತಾ ಕಪಾಟಿನ ಕೆಳಗೆ ಇದ್ದಾರು.

ಮುಂದಿನ ಭಾನುವಾರ ಆ ಒಂದು ಸಾಲನ್ನು ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ. ಜೊತೆಗೆ ಹಾಕಲು ಬೇರೆ ಚಿತ್ರ ಬೇಕಿದ್ದರೆ ನಿಮ್ಮ ಛಾಯಾಗ್ರಾಹಕರನ್ನು ಕಳಿಸಿ. ಯಂತ್ರ ಕಿಟಕಿಯ ಪಕ್ಕದಲ್ಲೇ ಇದೆ, ಬೆಳಿಗ್ಗೆ ಬೆಳಕು ಚೆನ್ನಾಗಿ ಬೀಳುತ್ತದೆ. ಬಿಳಿ ಬಟ್ಟೆಯ ಮೇಲೆ ಎದ್ದು ಕಾಣಲೆಂದು ಕೆಂಪು ದಾರ ಪೋಣಿಸಿಟ್ಟಿದ್ದೇನೆ, ಪಾದ ಎತ್ತಿಕೊಂಡೇ.

ಇಂತಿ ನಿಮ್ಮ ಓದುಗಳು,
ನಿವೃತ್ತ ಗಣಿತ ಶಿಕ್ಷಕಿ